ಫೋರ್ಡ್ ಮಾಡೆಲ್ ಟಿ: ಏನು ಬದಲಾಯಿಸಿದೆ, ಏನು ಹಾಗೇ ಬಿಟ್ಟೆ

ಹಳೇ ಕಾರು ಸಿಕ್ಕಿದ ತಕ್ಷಣ ಬಿಚ್ಚೋಕೆ ಕೂರಬಾರದು. ಮೊದಲು ಫೋಟೋ ತೆಗೆದುಕೊಳ್ಳಿ. ಯಾವ ವೈರು ಎಲ್ಲಿಂದ ಬಂದಿದೆ, ಯಾವ ಬೋಲ್ಟಿಗೆ ಯಾವ ವಾಷರ್, ಎಲ್ಲವೂ ಫೋಟೋದಲ್ಲಿ ಇರಬೇಕು. ಆಮೇಲೆ ಇಂಜಿನ್ ನಂಬರ್ ಹುಡುಕಿ. ಮಾಡೆಲ್ ಟಿಯಲ್ಲಿ ಅದು ಬ್ಲಾಕಿನ ಎಡಗಡೆ, ನೀರು ಒಳಗೆ ಹೋಗುವ ಜಾಗದ ಮೇಲೆ ಇರುತ್ತದೆ. ಕಾರಿನ ನಂಬರ್ ಅಂದರೂ ಅದೇ. ನನ್ನ ಟೂರಿಂಗ್ (ಬಟ್ಟೆ ಟಾಪಿನ ತೆರೆದ ಕಾರು) 1924ರದ್ದು ಅಂತ ಗೊತ್ತಾಗಿದ್ದು ಹಾಗೆ. ಮಧ್ಯದಲ್ಲಿ ಯಾರಾದರೂ ಇಂಜಿನ್ ಬದಲಾಯಿಸಿದ್ದರೆ ಈ ಲೆಕ್ಕ ತಪ್ಪುತ್ತದೆ. ಹಾಗಾಗಿ ಬಾಡಿಯನ್ನೂ ತಾಳೆ ನೋಡಬೇಕು.

ಈ ಹವ್ಯಾಸ ಶುರು ಮಾಡೋರಿಗೆ ನಾನು ಮಾಡೆಲ್ ಟಿಯನ್ನೇ ಹೇಳುತ್ತೇನೆ. 1908ರಿಂದ 1927ರವರೆಗೆ ಸುಮಾರು ಒಂದೂವರೆ ಕೋಟಿ ಕಾರು ಬಂದಿವೆ. ಬಿಡಿಭಾಗಗಳು ಈಗಲೂ ಹೊಸದಾಗಿ ತಯಾರಾಗುತ್ತವೆ. ನಾಲ್ಕು ಸಿಲಿಂಡರ್, 20 ಹಾರ್ಸ್‌ಪವರ್, ಅಷ್ಟೇ. ವಾಟರ್ ಪಂಪ್ ಇಲ್ಲ, ಬಿಸಿ ನೀರು ತಾನಾಗಿ ಮೇಲೇರಿ ರೇಡಿಯೇಟರ್‌ಗೆ ಹೋಗುತ್ತದೆ. ಆಯಿಲ್ ಪಂಪೂ ಇಲ್ಲ, ಫ್ಲೈವೀಲ್ ತಿರುಗುವಾಗ ಆಯಿಲನ್ನು ಎರಚುತ್ತದೆ. ಕೆಡೋಕೆ ಜಾಸ್ತಿ ಏನೂ ಇಲ್ಲ, ಅಲ್ವಾ?

ನನ್ನ ಇಂಜಿನ್ ಪೂರ್ತಿ ಜಾಮ್ ಆಗಿತ್ತು. ಹ್ಯಾಂಡಲ್ ಹಾಕಿ ಬಲವಾಗಿ ತಿರುಗಿಸೋ ಆಸೆ ಎಲ್ಲರಿಗೂ ಬರುತ್ತದೆ. ತಡೆದುಕೊಳ್ಳಬೇಕು. ಅಸಿಟೋನ್ ಮತ್ತು ಗೇರ್‌ಬಾಕ್ಸ್ ಆಯಿಲ್ ಬೆರೆಸಿ ಪ್ಲಗ್ ತೂತಿನಿಂದ ಸುರಿದು ಸುಮ್ನೆ ಬಿಟ್ಟೆ. ಆಗಾಗ ಸ್ವಲ್ಪ ಸೇರಿಸಿದೆ, ಆಗಾಗ ಅಲುಗಾಡಿಸಿ ನೋಡಿದೆ. ಕೊನೆಗೆ ಪಿಸ್ಟನ್‌ಗಳು ಬಿಟ್ಟುಕೊಂಡವು.

ನನಗೆ ತುಂಬಾ ಹಿಡಿಸಿದ ಕೆಲಸ ಅಂದರೆ ಕಾಯಿಲ್‌ಗಳದ್ದು, ಅಂದರೆ ಪ್ಲಗ್‌ಗಳಿಗೆ ಸ್ಪಾರ್ಕ್ ಕೊಡುವ ಭಾಗಗಳದ್ದು. ಡ್ಯಾಶ್‌ಬೋರ್ಡಿನ ಹತ್ತಿರ ಒಂದು ಪೆಟ್ಟಿಗೆ, ಅದರೊಳಗೆ ಮರದ ನಾಲ್ಕು ಚಿಕ್ಕ ಪೆಟ್ಟಿಗೆ. ಸಿಲಿಂಡರ್‌ಗೆ ಒಂದರಂತೆ. ಪ್ರತಿಯೊಂದರ ಮೇಲೂ ನಡುಗುವ ಪಾಯಿಂಟ್ ಇರುತ್ತದೆ, ಕರೆಂಟು ಹರಿದಾಗ ದುಂಬಿಯ ಹಾಗೆ ಗುಂಯ್ ಅನ್ನುತ್ತದೆ. ಒಳಗಿನ ಕಂಡೆನ್ಸರ್ (ಪಾಯಿಂಟ್ ಸುಡದಂತೆ ಕಾಯುವ ಭಾಗ) ಇಷ್ಟು ವರ್ಷದಲ್ಲಿ ಕೆಟ್ಟೇ ಇರುತ್ತದೆ. ಅದನ್ನು ತೆಗೆಯಬೇಕು ಅಂದರೆ ಪೆಟ್ಟಿಗೆಯೊಳಗೆ ತುಂಬಿರುವ ಟಾರನ್ನು ಕೆತ್ತಬೇಕು. ಆ ಟಾರಿನೊಳಗೇ ಕೂದಲೆಳೆಯಂಥ ವೈರುಗಳು. ಒಂದು ಕಡಿದರೂ ಕಾಯಿಲ್ ಕಥೆ ಮುಗಿಯಿತು. ಒಂದು ಬದಿಯ ಮರದ ಪಟ್ಟಿ ಜಾರಿಸಿ ತೆಗೆದು, ಕಂಡೆನ್ಸರ್ ಇರುವ ಕಡೆ ಮಾತ್ರ ಚೂರು ಚೂರೇ ಬಿಡಿಸಿದೆ. ಹೊಸ ಕಂಡೆನ್ಸರ್ ಕೂರಿಸಿ, ಟಾರ್ ಕರಗಿಸಿ ಮತ್ತೆ ಹುಯ್ದೆ. ಆಮೇಲೆ ಪಾಯಿಂಟ್ ಹೊಂದಿಸುವುದು. ಒಂದೊಂದು ಕಾಯಿಲೂ ಸುಮಾರು 1.3 ಆಂಪಿಯರ್ ಎಳೆಯಬೇಕು, ನಾಲ್ಕೂ ಒಂದೇ ಸಮ ಇರಬೇಕು. ಕಿವಿಯಲ್ಲಿ ಕೇಳಿಯೇ ಹೊಂದಿಸುತ್ತೇನೆ ಅನ್ನೋರೂ ಇದ್ದಾರೆ. ನಾನು ಮೀಟರನ್ನೇ ನಂಬುತ್ತೇನೆ.

ಯಾವುದನ್ನು ಮೂಲದಂತೆ ಉಳಿಸಬೇಕು, ಯಾವುದನ್ನು ಬದಲಾಯಿಸಬೇಕು ಅನ್ನೋ ಜಗಳ ಈ ವಲಯದಲ್ಲಿ ಮುಗಿಯೋದೇ ಇಲ್ಲ. ಪ್ರಾಣಕ್ಕೆ ಅಪಾಯ ಅನ್ನಿಸಿದರೆ ಬದಲಾಯಿಸುತ್ತೇನೆ, ಇಲ್ಲದಿದ್ದರೆ ಆದಷ್ಟು ಮುಟ್ಟುವುದಿಲ್ಲ. ಹಿಂದಿನ ಆಕ್ಸಲ್ ತಗೊಳ್ಳಿ. ಅದರೊಳಗೆ ಬ್ಯಾಬಿಟ್ ಅನ್ನುವ ಮೆತ್ತನೆ ಲೋಹದ ವಾಷರ್‌ಗಳಿವೆ. ವಯಸ್ಸಾದಂತೆ ಅವು ಪುಡಿಯಾಗುತ್ತವೆ. ಈ ಕಾರಿನಲ್ಲಿ ಕಾಲಿನ ಬ್ರೇಕ್ ಹಿಡಿಯುವುದು ಚಕ್ರವನ್ನಲ್ಲ, ಗೇರ್‌ಬಾಕ್ಸನ್ನು. ಆಕ್ಸಲ್ ಒಳಗೆ ಹಲ್ಲುಗಳು ಬಿಟ್ಟುಕೊಂಡರೆ ಪೆಡಲ್ ಎಷ್ಟು ತುಳಿದರೂ ಬ್ರೇಕ್ ಇಲ್ಲ. ಉಳಿಯುವುದು ಹ್ಯಾಂಡ್ ಬ್ರೇಕ್ ಮಾತ್ರ, ಅದರ ಶಕ್ತಿ ಅಷ್ಟಕ್ಕಷ್ಟೇ. ಅದಕ್ಕೇ ಕಂಚಿನ ವಾಷರ್ ಹಾಕಿದೆ. ಹೊರಗಿನಿಂದ ಯಾರಿಗೂ ಕಾಣುವುದಿಲ್ಲ.

ಪೆಡಲ್‌ಗಳನ್ನು ಮಾತ್ರ ಮುಟ್ಟಲಿಲ್ಲ. ಮೂರಿವೆ. ಎಡಗಡೆಯದು ಪೂರ್ತಿ ಒತ್ತಿದರೆ ಕಡಿಮೆ ಗೇರ್, ಬಿಟ್ಟರೆ ಹೆಚ್ಚಿನದು. ಮಧ್ಯದ್ದು ರಿವರ್ಸ್, ಬಲಗಡೆಯದು ಬ್ರೇಕ್. ವೇಗ ಕೊಡುವುದು ಸ್ಟೀರಿಂಗ್ ಕೆಳಗಿನ ಲಿವರ್‌ನಿಂದ. ನನ್ನ ಕಾರಿನ ಎಡ ಪೆಡಲ್ ಒಂದು ಅಂಚಿನಲ್ಲಿ ನುಣ್ಣಗೆ ಸವೆದಿದೆ, ಮಧ್ಯದ್ದರ ಗೀರುಗಳೂ ಹೋಗಿವೆ. ರಿವರ್ಸ್ ಯಾಕೆ ಅಷ್ಟು ಸವೆದಿದೆ ಅಂತ ಯೋಚಿಸುತ್ತಿದ್ದೆ. ಹಳೇ ಮಾಲೀಕರ ಮನೆಯ ಹಿರಿಯರೊಬ್ಬರು ನೋಡೋಕೆ ಬಂದಾಗ ಕಾರಣ ಹೇಳಿದರು: "ನಮ್ಮಪ್ಪ ಏರು ಬಂದರೆ ಕಾರು ತಿರುಗಿಸಿಬಿಡ್ತಿದ್ದರು. ಹಿಂದೆ ಹಿಂದೆಯೇ ಹತ್ತಿಸ್ತಿದ್ದರು." ಪೆಟ್ರೋಲ್ ಟ್ಯಾಂಕ್ ಸೀಟಿನ ಕೆಳಗಿದೆ, ಪಂಪ್ ಇಲ್ಲ. ಕಡಿದಾದ ಏರಿನಲ್ಲಿ ಮುಖ ಮೇಲಾದರೆ ಕಾರ್ಬುರೇಟರ್‌ಗೆ ಪೆಟ್ರೋಲ್ ಇಳಿಯುವುದಿಲ್ಲ. ಜತೆಗೆ ರಿವರ್ಸ್ ಗೇರಿಗೆ ಎಳೆಯುವ ಬಲವೂ ಜಾಸ್ತಿ. ಹೊಸ ಪೆಡಲ್ ಹಾಕಿಬಿಟ್ಟಿದ್ದರೆ ನಾನು ಈ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ.

ಬಣ್ಣದ ಬಗ್ಗೆ ಒಂದೇ ಮಾತು. ಯಾರೋ ಕೆಂಪು ಬಳಿದಿದ್ದರು. 1914ರಿಂದ 1925ರವರೆಗೆ ಮಾಡೆಲ್ ಟಿ ಬಂದಿದ್ದು ಕಪ್ಪಿನಲ್ಲಿ ಮಾತ್ರ, ಹಾಗಾಗಿ ಕಪ್ಪಿಗೇ ತಂದೆ. ಕನ್ನಡಿಯಂಥ ಹೊಳಪು ಕೊಡಲಿಲ್ಲ. ಆಗಲೂ ಹಾಗಿರಲಿಲ್ಲ.

ಸ್ಟಾರ್ಟ್ ಮಾಡುವಾಗ ಹುಷಾರು. ನನ್ನದಕ್ಕೆ ಸೆಲ್ಫ್ ಇಲ್ಲ. ಮೊದಲು ಹ್ಯಾಂಡ್ ಬ್ರೇಕ್ ಎಳೆಯಬೇಕು, ಇಲ್ಲದಿದ್ದರೆ ಕಾರು ನಿಮ್ಮ ಮೇಲೇ ಬರುತ್ತದೆ. ಸ್ಟೀರಿಂಗ್ ಕೆಳಗೆ ಎಡಗಡೆ ಇರುವ ಸ್ಪಾರ್ಕ್ ಲಿವರ್ ಪೂರ್ತಿ ಮೇಲಿರಬೇಕು. ಸ್ಪಾರ್ಕ್ ಬೇಗ ಬಂದರೆ ಇಂಜಿನ್ ಹಿಮ್ಮುಖವಾಗಿ ಒದೆಯುತ್ತದೆ, ಕೈ ಮುರಿಯುತ್ತದೆ. ಹ್ಯಾಂಡಲನ್ನು ಎಡಗೈಯಲ್ಲಿ ಹಿಡಿದು ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ಹೆಬ್ಬೆರಳು ಉಳಿದ ಬೆರಳುಗಳ ಕಡೆಗೇ ಇರಲಿ, ಸುತ್ತಿ ಹಿಡಿಯಬೇಡಿ. ಮೇಲಿನಿಂದ ಕೆಳಕ್ಕೆ ಒತ್ತಲೇಬೇಡಿ.

ಈಗ ಕಾರು ಓಡುತ್ತಿದೆ. ಗಂಟೆಗೆ 50 ಕಿಲೋಮೀಟರ್ ದಾಟಿಸುವುದಿಲ್ಲ, ಮುಂದಿನ ವಾಹನಕ್ಕೆ ಒಳ್ಳೇ ಅಂತರ ಬಿಡುತ್ತೇನೆ. ಟಾಪಿನ ಬಟ್ಟೆ ಇನ್ನೂ ಹಾಕಿಲ್ಲ. ಅದರ ಮರದ ಬಿಲ್ಲುಗಳಲ್ಲಿ ಒಂದಕ್ಕೆ ಹುಳ ಹಿಡಿದಿದೆ, ಅದೇ ಅಳತೆಗೆ ಹೊಸದು ಬಗ್ಗಿಸಬೇಕು.