ವೋಟರ್ ಕಾರ್ಡಿನಲ್ಲೇ ಪಶುಪತಿನಾಥ: ನನ್ನ ಅನುಭವ

ಪಾಸ್‌ಪೋರ್ಟ್ ಒಂದೂ ಇಲ್ಲದ ತಂಡವನ್ನು ಪಶುಪತಿನಾಥನ ದರ್ಶನಕ್ಕೆ ನೇಪಾಳದ ಕಠ್ಮಂಡುವಿಗೆ ಕರೆದುಕೊಂಡು ಹೋಗಿ ಬಂದೆ. ಇಪ್ಪತ್ತರ ಮೇಲೆ ಜನ, ಹೆಚ್ಚಿನವರು ಕಾರಟಗಿ, ಸಿರುಗುಪ್ಪ ಕಡೆಯವರು. ಇಲ್ಲೇ ಗಂಗಾವತಿಯಲ್ಲಿ ನನ್ನ ಹಾಗೇ ಯಾತ್ರೆ ನಡೆಸುವ ಹಿರಿಯರೊಬ್ಬರು "ಪಾಸ್‌ಪೋರ್ಟ್ ಇಲ್ದ ಹೊಂಟೀಯಲ್ಲೋ, ಬಾರ್ಡರ್‌ದಾಗ ಕುಂದರಸ್ತಾರ ನೋಡು" ಅಂದಿದ್ದರು. ಈಗ ಅವರೇ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳ್ತಾರೆ!

ನೇಪಾಳಕ್ಕೆ ನಮಗೆ ವೀಸಾ ಬೇಡ, ವೋಟರ್ ಕಾರ್ಡ್ ಸಾಕು ಅನ್ನೋದು ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ಪೆಟ್ಟು ಬೀಳೋದು ಆಧಾರ್‌ನಿಂದ. ರೇಷನ್, ಬ್ಯಾಂಕ್, ಸಿಮ್ ಎಲ್ಲಕ್ಕೂ ಅದೇ ನಡೆಯುತ್ತಲ್ಲ, ಜನ ಅದೊಂದನ್ನೇ ಹಿಡ್ಕೊಂಡು ಬರ್ತಾರೆ. 15ಕ್ಕಿಂತ ಚಿಕ್ಕವರು, 65 ದಾಟಿದವರಿಗೆ ಆಧಾರ್ ಆಗುತ್ತೆ. ನಡುವಿನವರಿಗೆ ಆಗಲ್ಲ.

ಮೊದಲ ಸಲ ವಿಮಾನದಲ್ಲಿ ಹೊರಟಿದ್ದೆವು. ಐವತ್ತರ ಆಸುಪಾಸಿನ ಒಬ್ಬ ತಾಯಿ ವೋಟರ್ ಕಾರ್ಡ್ ಚೀಲದಲ್ಲಿದೆ ಅಂದಿದ್ದರು. ಕೌಂಟರ್ ಮುಂದೆ ತೆಗೆದರೆ ಅದರ ಝೆರಾಕ್ಸ್! ಮೂಲ ಕಾರ್ಡ್ ಮನೆಯ ಟ್ರಂಕಿನಲ್ಲಿ. ವಿಮಾನ ಕಂಪನಿಯವರು ಜಪ್ಪಯ್ಯ ಅನ್ನಲಿಲ್ಲ. ಟಿಕೆಟ್ ದುಡ್ಡು ಹನ್ನೊಂದು ಸಾವಿರದ ಹತ್ತಿರ ಹೋಯ್ತು, ಅರ್ಧ ನನ್ನ ತಲೆಗೆ. ಅವರನ್ನು ಊರಿಗೆ ಮುಟ್ಟಿಸೋಕೆ ಅಡುಗೆಯವನನ್ನು ಜೊತೆಗೆ ಕಳಿಸಿದೆ. ಕಠ್ಮಂಡುವಿನಲ್ಲಿ ಅಷ್ಟೂ ದಿನ ಹೋಟೆಲ್ ಊಟ. ಆ ಖರ್ಚು ಲೆಕ್ಕ ಹಾಕೋಕೂ ಮನಸ್ಸಾಗಲಿಲ್ಲ.

ಈಗ ದಾರಿಯನ್ನೇ ಬದಲಿಸಿದ್ದೀನಿ. ರಾಯಚೂರಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಝಾನ್ಸಿಯಲ್ಲಿ ಇಳಿಯೋದು, ಅಲ್ಲಿಂದ ಗೋರಖಪುರದ ರೈಲು, ಆಮೇಲೆ ಬಸ್ಸಲ್ಲಿ ಗಡಿ ಊರು ಸುನೌಲಿ. ಗಡಿಯನ್ನು ನಡೆದೇ ದಾಟೋದು. ತಲೆಗೆ 20,000ದ ಒಳಗೆ ಮುಗೀತು, ವಿಮಾನದಲ್ಲಾದರೆ ಹೆಚ್ಚುಕಡಿಮೆ ಎರಡರಷ್ಟು.

ನಿಜವಾದ ಕೆಲಸ ಊರಲ್ಲೇ ಇದೆ. ಟಿಕೆಟ್‌ಗೆ ಕೈ ಹಾಕೋ ಮುಂಚೆ ಎಲ್ಲರ ಕಾರ್ಡ್‌ಗಳನ್ನು ಮೇಜಿನ ಮೇಲೆ ಹರಡಿ ನೋಡ್ತೀನಿ. ಕೆಟಿ ಅಂತ ಶುರುವಾಗೋ ನಂಬರಿನ ಹಳೇ ಕಪ್ಪು-ಬಿಳುಪು ಕಾರ್ಡ್ ನೋಡಿದ್ದೀರಲ್ಲ? ಲ್ಯಾಮಿನೇಷನ್ ಒಳಗೆ ನೀರು ಹೋಗಿ ಮುಖವೇ ಕಾಣಲ್ಲ. ಅಂಥದ್ದನ್ನು ಪಕ್ಕಕ್ಕಿಟ್ಟು ಫಾರ್ಮ್ 8, ಅಂದ್ರೆ ಬದಲಿ ವೋಟರ್ ಕಾರ್ಡ್ ಕೇಳೋ ಅರ್ಜಿ, ಹಾಕಿಸ್ತೀನಿ. ಹೆಸರು ತಿದ್ದೋಕೂ ಅದೇ ಫಾರ್ಮ್. ನಮ್ಮ ಕಡೆ ಆಧಾರ್‌ನಲ್ಲಿ ಹುಲಿಗೆವ್ವ, ವೋಟರ್ ಕಾರ್ಡ್‌ನಲ್ಲಿ ಹುಲಿಗೆಮ್ಮ ಇರೋದು ಮಾಮೂಲಿ. ಅಡ್ಡಹೆಸರಂತೂ ಇರಲ್ಲ, ವಿಮಾನದ ಟಿಕೆಟ್‌ನಲ್ಲಿ ಹುಲಿಗೆಮ್ಮ ಹುಲಿಗೆಮ್ಮ ಅಂತ ಬರುತ್ತೆ. ಫಾರ್ಮ್ ಹಾಕೋಕೆ ದುಡ್ಡಿಲ್ಲ, ಆದರೆ ಹೊಸ ಕಾರ್ಡ್ ಅಂಚೆಯಲ್ಲಿ ಬರೋಕೆ ತಿಂಗಳ ಮೇಲಾಗಬಹುದು. ನಮ್ಮ ತಂಡದ್ದು ಬೇಗ ಬಂತು. ಹೇಗೆ ಅನ್ನೋದನ್ನು ಇಲ್ಲಿ ಬರೆಯಲ್ಲ, ನನ್ನ ಹೊಟ್ಟೆಪಾಡು ಸ್ವಾಮಿ.

ಒಂದೇ ಕುಟುಂಬದವರಾದರೆ ಇನ್ನೊಂದು ಅನುಕೂಲ ಇದೆ. ದೊಡ್ಡವರಲ್ಲಿ ಒಬ್ಬರ ಹತ್ತಿರ ವೋಟರ್ ಕಾರ್ಡ್ ಇದ್ದರೆ, ಉಳಿದವರು ಫೋಟೋ ಇರುವ, ಸಂಬಂಧ ತೋರಿಸುವ ದಾಖಲೆ ಕೊಟ್ಟರೂ ನಡೆಯುತ್ತೆ. ರೇಷನ್ ಕಾರ್ಡ್ ಇಲ್ಲಿ ಕೆಲಸಕ್ಕೆ ಬಂತು. ಆದರೂ ಇದನ್ನೇ ನಂಬಿ ಹೊರಡಬೇಡಿ, ಅತ್ತಿಗೆ-ನಾದಿನಿ ಸಂಬಂಧ ತೋರಿಸೋದು ಸುಲಭ ಅಲ್ಲ.

ನಡುವೆ ಭೂತಾನಕ್ಕೂ ಒಂದು ಕೈ ನೋಡಿದೆ. ಅಲ್ಲೂ ವೋಟರ್ ಕಾರ್ಡ್ ನಡೆಯುತ್ತೆ, ಗಡಿ ಊರು ಫುಂಟ್‌ಶೋಲಿಂಗ್‌ನಲ್ಲಿ ಪರ್ಮಿಟ್ ಕೊಡ್ತಾರೆ. ಆದರೆ 2022ರಿಂದ ಭಾರತದವರಿಗೂ ಒಂದು ರಾತ್ರಿಗೆ ತಲೆಗೆ 1,200 ರೂಪಾಯಿ ಶುಲ್ಕ. ನಾಲ್ಕು ರಾತ್ರಿಗೆ 4,800, ಊಟ ವಸತಿ ಬೇರೆ. ಇದನ್ನು ಹೇಳಿದ ಕೂಡಲೇ ಒಬ್ಬೊಬ್ಬರೇ ಹಿಂದೆ ಸರಿದರು. ಮೂರೇ ಜನ ಉಳಿದರು, ಕೈಬಿಟ್ಟೆ.

ನೇಪಾಳಕ್ಕೆ ನಾನು ಒಯ್ಯೋದು ಬರೀ ನೂರರ ನೋಟು. ನಮ್ಮ 100ಕ್ಕೆ ಅಲ್ಲಿನ 160, ರೇಟು ಬದಲಾಗಲ್ಲ. ಸೋನಾಮಸೂರಿ ಅಕ್ಕಿ ಮೂಟೆಯನ್ನು ಸುನೌಲಿಯಲ್ಲಿ ಬಿಚ್ಚಿಸಿ ನೋಡಿದರು, ಕಾರ್ಡ್‌ಗಳನ್ನು ಅಷ್ಟು ಹೊತ್ತು ನೋಡಲಿಲ್ಲ.

ಅಂದಹಾಗೆ, ಮಾನಸ ಸರೋವರಕ್ಕೂ ಹೀಗೇ ಹೋಗಬಹುದಾ ಅಂತ ಕೇಳೋರಿದ್ದಾರೆ. ಅದು ಚೀನಾದ ಕೈಯಲ್ಲಿದೆ, ಪಾಸ್‌ಪೋರ್ಟ್ ಬೇಕೇ ಬೇಕು. ಮುಂದಿನ ಸಲ ಇದೇ ತಂಡಕ್ಕೆ ನೇಪಾಳದ್ದೇ ಮುಕ್ತಿನಾಥ. ಕಾರ್ಡ್‌ಗಳು ಈಗಾಗಲೇ ನನ್ನ ಕಡೆ ಬಂದು ಬಿದ್ದಿವೆ.