ಡಿಎಸ್‌ಪಿ ಇಲ್ಲದೆ 24 ಡಿಬಿ ಕ್ರಾಸ್‌ಓವರ್: ಎರಡು ಫಿಲ್ಟರ್‌ಗಳನ್ನು ಒಟ್ಟಿಗೆ ಬಳಸಿದ ನನ್ನ ಅನುಭವ

ಕ್ರಾಸ್‌ಓವರ್ ಎಂದರೆ ಬೇಸ್ ಅನ್ನು ಸಬ್‌ಗೆ (ಸಬ್‌ವೂಫರ್), ಉಳಿದದ್ದನ್ನು ಬಾಗಿಲ ಸ್ಪೀಕರ್‌ಗಳಿಗೆ ಹಂಚುವ ಫಿಲ್ಟರ್‌ಗಳ ಜೋಡಿ. ಹೆಡ್ ಯೂನಿಟ್‌ನ (ಕಾರಿನ ಸ್ಟೀರಿಯೊ) ಫಿಲ್ಟರ್ ಆನ್ ಇದ್ದರೆ ಆಂಪ್‌ನದು (ಆಂಪ್ಲಿಫೈಯರ್) ಆಫ್ ಇರಬೇಕು, ಆಂಪ್‌ನದು ಆನ್ ಇದ್ದರೆ ಹೆಡ್ ಯೂನಿಟ್‌ನದು ಆಫ್ ಇರಬೇಕು ಎಂಬುದು ಕಾರ್ ಆಡಿಯೊ ಮಾಡುವವರೆಲ್ಲ ಒಪ್ಪಿಕೊಂಡು ಬಂದಿರುವ ಮಾತು. ನಾನು ಎರಡನ್ನೂ ಆನ್ ಇಟ್ಟುಕೊಂಡೇ ನನ್ನ ಹಳೆಯ ಸ್ವಿಫ್ಟ್‌ನ ಸೆಟಪ್ ಮುಗಿಸಿದ್ದೇನೆ. ಹೀಗೆ ಮಾಡುತ್ತೇನೆಂದಾಗ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ, "ಸಾರ್, ಎರಡು ಕಡೆ ಫಿಲ್ಟರ್ ಹಾಕಿದ್ರೆ ಬೇಸ್ ಸತ್ತೇ ಹೋಗುತ್ತೆ" ಎಂದರು. ಇದೇ ಹುಚ್ಚು ಹತ್ತಿಸಿಕೊಂಡಿರುವ ಇಬ್ಬರು ಗೆಳೆಯರು ಅದನ್ನೇ ಹೇಳಿ, ಡಿಎಸ್‌ಪಿ (ಶಬ್ದವನ್ನು ಡಿಜಿಟಲ್ ಆಗಿ ತಿದ್ದುವ ಪ್ರತ್ಯೇಕ ಪೆಟ್ಟಿಗೆ) ಕೊಳ್ಳದೆ ಬೇರೆ ದಾರಿಯಿಲ್ಲವೆಂದು ತೀರ್ಮಾನಿಸಿಬಿಟ್ಟರು. ಈಗ ಅವರಲ್ಲೊಬ್ಬರ ಕಾರಿಗೂ ಇದೇ ವಿಧಾನದಲ್ಲಿ ಸೆಟ್ಟಿಂಗ್ ಮಾಡಿಕೊಟ್ಟಿದ್ದೇನೆ.

ನನ್ನ ಬಳಿ ಇರುವುದು ಮುಂದಿನ ಬಾಗಿಲುಗಳಲ್ಲಿ ಆರೂವರೆ ಇಂಚಿನ ಕಾಂಪೊನೆಂಟ್ ಸ್ಪೀಕರ್‌ಗಳು (ಟ್ವೀಟರ್ ಬೇರೆಯಾಗಿರುವಂಥವು), ಅದಕ್ಕೆ ನಾಲ್ಕು ಚಾನೆಲ್ ಆಂಪ್‌ನ ಎರಡು ಚಾನೆಲ್, ಡಿಕ್ಕಿಯಲ್ಲಿ ಹತ್ತು ಇಂಚಿನ ಸಬ್ ಇರುವ ಸೀಲ್ಡ್ ಬಾಕ್ಸ್ ಮತ್ತು ಒಂದು ಮೋನೊ ಆಂಪ್. ಹೆಡ್ ಯೂನಿಟ್‌ನಲ್ಲಿ 6 ಅಥವಾ 12 ಡಿಬಿ ಇಳಿಜಾರು (ಪ್ರತಿ ಆಕ್ಟೇವ್‌ಗೆ, ಅಂದರೆ ಫ್ರೀಕ್ವೆನ್ಸಿ ಎರಡು ಪಟ್ಟು ಅಥವಾ ಅರ್ಧ ಆದಾಗ, ಫಿಲ್ಟರ್ ಇಳಿಸುವ ಪ್ರಮಾಣ) ಮಾತ್ರ ಸಿಗುತ್ತದೆ. ಆಂಪ್‌ಗಳಲ್ಲಿ 12 ಡಿಬಿ ಒಂದೇ.

ಇಲ್ಲಿಗೆ ಬರುವ ಮೊದಲು ಹೋದ ಹಣದ ಲೆಕ್ಕವನ್ನೂ ಹೇಳಬೇಕು. ಮೊದಲು ಹಾಕಿಸಿದ್ದು ಹನ್ನೆರಡು ಇಂಚಿನ ಸಬ್ ಇರುವ ರೆಡಿಮೇಡ್ ಪೋರ್ಟೆಡ್ (ಗಾಳಿ ಆಡುವ ಕೊಳವೆ ಇರುವ) ಬಾಕ್ಸ್. ಫಿಟ್ ಮಾಡಿದವರು ಸಬ್‌ಸೋನಿಕ್ ಫಿಲ್ಟರ್ (ತೀರಾ ಕೆಳಗಿನ ಬೇಸ್ ತಡೆಯುವುದು) ಆಫ್ ಇಟ್ಟು, ಬೇಸ್ ಬೂಸ್ಟ್ ಪೂರ್ತಿ ಏರಿಸಿ ಕಳುಹಿಸಿದರು. ಪೋರ್ಟ್ ಟ್ಯೂನ್ ಆಗಿರುವ ಫ್ರೀಕ್ವೆನ್ಸಿಗಿಂತ ಕೆಳಗೆ ಕೋನ್‌ಗೆ ಗಾಳಿಯ ತಡೆ ಇರುವುದಿಲ್ಲವಾದ್ದರಿಂದ ಕಾಯಿಲ್ ಬಹಳ ದಿನ ಬಾಳಲಿಲ್ಲ. ರೀಕೋನ್ ಮಾಡಿಸಲು (ಕೋನ್ ಮತ್ತು ಕಾಯಿಲ್ ಬದಲಿಸಲು) ಸುಮಾರು 2,500 ರೂಪಾಯಿ ಹೋಯಿತು. ಬಳಿಕ ಎಸ್.ಪಿ. ರಸ್ತೆಯಿಂದ 470 ಮೈಕ್ರೊಫ್ಯಾರಡ್‌ನ ನಾನ್-ಪೋಲಾರ್ ಕೆಪಾಸಿಟರ್‌ಗಳನ್ನು ತಂದು ಬಾಗಿಲ ಸ್ಪೀಕರ್‌ಗಳಿಗೆ ಸೀರೀಸ್‌ನಲ್ಲಿ ಹಾಕಿ ನೋಡಿದೆ. 4 ಓಮ್‌ಗೆ ಲೆಕ್ಕ ಹಾಕಿದರೆ ಅದು 85 ಹರ್ಟ್ಸ್ ಹತ್ತಿರ ಕೆಲಸ ಮಾಡಬೇಕು. ಆದರೆ ಸ್ಪೀಕರ್ ತಾನಾಗಿಯೇ ಹೆಚ್ಚು ಕಂಪಿಸುವ ಫ್ರೀಕ್ವೆನ್ಸಿಯಲ್ಲೇ (ರೆಸೊನೆನ್ಸ್) ಅದರ ಇಂಪೀಡೆನ್ಸ್, ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆ, 20 ಓಮ್ ದಾಟುತ್ತದೆ. ಅಲ್ಲಿ ಕೆಪಾಸಿಟರ್ ಇದ್ದೂ ಇಲ್ಲದಂತೆಯೇ. ಡೋರ್ ಪ್ಯಾಡ್ ಗಡಗಡ ಎನ್ನುವುದು ನಿಲ್ಲಲಿಲ್ಲ. ಸಬ್‌ಗೂ ಪ್ಯಾಸಿವ್ ಫಿಲ್ಟರ್ (ಆಂಪ್ ಮತ್ತು ಸ್ಪೀಕರ್ ನಡುವೆ ಕಾಯಿಲ್-ಕೆಪಾಸಿಟರ್‌ನಿಂದ ಮಾಡುವುದು) ಸುತ್ತೋಣವೆಂದು ಲೆಕ್ಕ ಹಾಕಿದರೆ 11 ಮಿಲಿಹೆನ್ರಿಗಿಂತ ಹೆಚ್ಚಿನ ಕಾಯಿಲ್ ಬೇಕಿತ್ತು. ತಾಮ್ರದ ಬೆಲೆ ಕೇಳಿ ಅದನ್ನು ಅಲ್ಲಿಗೇ ಬಿಟ್ಟೆ. ಡಿಎಸ್‌ಪಿಗೆ ಆಗ ಕೇಳುತ್ತಿದ್ದ ಬೆಲೆ 18–20 ಸಾವಿರ.

ಎಲ್ಲರೂ ಹೇಳುವಂತೆ ಒಂದೊಂದೇ 12 ಡಿಬಿ ಫಿಲ್ಟರ್ ಹಾಕಿದಾಗ ಆಗುತ್ತಿದ್ದದ್ದೇನೆಂದು ನಿಮಗೂ ಗೊತ್ತಿದೆ. ಕ್ರಾಸ್‌ಓವರ್ ಇರುವಲ್ಲಿ (ನನ್ನಲ್ಲಿ 80 ಹರ್ಟ್ಸ್) ಸಬ್ ಮತ್ತು ಬಾಗಿಲ ಸ್ಪೀಕರ್‌ನ ಫೇಸ್, ಅಂದರೆ ಅಲೆಯ ಏರಿಳಿತದ ಹೊತ್ತು, 180 ಡಿಗ್ರಿ ದೂರವಾಗಿ ಒಂದು ಏರಿದಾಗ ಇನ್ನೊಂದು ಇಳಿಯುವುದರಿಂದ ನೇರ ಕನೆಕ್ಷನ್‌ನಲ್ಲಿ 80 ಹರ್ಟ್ಸ್ ಸುತ್ತ ಹಳ್ಳ ಬೀಳುತ್ತದೆ. ಸಬ್‌ನ ಪ್ಲಸ್-ಮೈನಸ್ ತಿರುಗಿಸಿದರೆ ಅಲ್ಲೇ 3 ಡಿಬಿ ಉಬ್ಬುತ್ತದೆ. ಆದರೆ 12 ಡಿಬಿಯ ಎರಡು ಬಟರ್‌ವರ್ತ್ (ತನ್ನ ಫ್ರೀಕ್ವೆನ್ಸಿಯಲ್ಲಿ 3 ಡಿಬಿ ಇಳಿಸುವ ಬಗೆಯ) ಫಿಲ್ಟರ್‌ಗಳನ್ನು ಒಂದೇ ಫ್ರೀಕ್ವೆನ್ಸಿಯಲ್ಲಿ ಸಾಲಾಗಿ ಇಟ್ಟರೆ ಸಿಗುವುದು 24 ಡಿಬಿಯ ಲಿಂಕ್‌ವಿಟ್ಸ್–ರೈಲಿ. 1976ರಲ್ಲಿ ಪ್ರಕಟವಾದ, ಇಂದು ಹೆಚ್ಚಿನ ಡಿಎಸ್‌ಪಿಗಳಲ್ಲಿ ಎಲ್‌ಆರ್-24 ಎಂದು ಕಾಣುವ ಫಿಲ್ಟರ್ ಅದೇ. ಎರಡೂ ಕಡೆ 6 ಡಿಬಿ ಇಳಿದಿರುತ್ತದೆ, ಫೇಸ್ ಒಂದೇ ಇರುತ್ತದೆ, ಕೂಡಿದರೆ ಸಮನಾಗುತ್ತದೆ. ಅದರ ಒಂದು ಅರ್ಧ ಹೆಡ್ ಯೂನಿಟ್‌ನಲ್ಲಿ, ಇನ್ನೊಂದು ಅರ್ಧ ಆಂಪ್‌ನಲ್ಲಿ ಆಗಲೇ ಇದೆಯಲ್ಲ!

ಎಲ್ಲ ಕೆಲಸವೂ "ಒಂದೇ ಫ್ರೀಕ್ವೆನ್ಸಿ" ಎಂಬುದರಲ್ಲಿದೆ. ಆಂಪ್‌ನ ನಾಬ್ ಸುತ್ತ ಅಚ್ಚಾಗಿರುವ ಅಂಕಿಗಳನ್ನು ನಂಬಿ ಎರಡು ಫಿಲ್ಟರ್ ಹಾಕಿದವರಿಗೆ ಬೇಸ್ ಸತ್ತದ್ದು ನಿಜವೇ ಇರಬಹುದು. ನಾನು 80 ಹರ್ಟ್ಸ್‌ನ ಟೋನ್ ಅನ್ನು ಆಡಾಸಿಟಿ ಎಂಬ ಸಾಫ್ಟ್‌ವೇರ್‌ನಲ್ಲಿ ತಯಾರಿಸಿ ಪೆನ್‌ಡ್ರೈವ್‌ಗೆ ಹಾಕಿಕೊಂಡೆ. ಈಕ್ವಲೈಸರ್ ಫ್ಲಾಟ್, ಲೌಡ್‌ನೆಸ್ ಮತ್ತು ಬೇಸ್ ಬೂಸ್ಟ್ ಆಫ್, ಸ್ಪೀಕರ್ ವೈರ್ ಬಿಚ್ಚಿ ಆಂಪ್‌ನ ಔಟ್‌ಪುಟ್‌ಗೆ ಮಲ್ಟಿಮೀಟರ್ ಎಸಿ ವೋಲ್ಟ್‌ನಲ್ಲಿ. ಮೋನೊ ಆಂಪ್‌ನ ಲೋ ಪಾಸ್ (ಬೇಸ್ ಮಾತ್ರ ಬಿಡುವ ಫಿಲ್ಟರ್) ನಾಬ್ ಪೂರ್ತಿ ಮೇಲಿಟ್ಟು, ಹೆಡ್ ಯೂನಿಟ್ ಫಿಲ್ಟರ್ ಆಫ್ ಮಾಡಿ, ಮೀಟರ್ 10 ವೋಲ್ಟ್ ತೋರಿಸುವಷ್ಟು ವಾಲ್ಯೂಮ್ ಇಟ್ಟೆ. ನಾಬ್ ಅನ್ನು 80ರ ಗೆರೆಗೆ ತಂದಾಗ ಮೀಟರ್ ತೋರಿಸಿದ್ದು 8.8 ವೋಲ್ಟ್, ಅಂದರೆ ಫಿಲ್ಟರ್ ನಿಜವಾಗಿ ನಿಂತಿದ್ದು 110ರ ಆಸುಪಾಸಿನಲ್ಲಿ. 10 ವೋಲ್ಟ್‌ನಿಂದ 3 ಡಿಬಿ ಇಳಿದರೆ 7.1 ವೋಲ್ಟ್; ಅಲ್ಲಿಗೆ ಇಳಿಸಲು ಹೆಚ್ಚುಕಡಿಮೆ 60ರ ಗೆರೆಯವರೆಗೆ ತಿರುಗಿಸಬೇಕಾಯಿತು. ಆಮೇಲೆ ಹೆಡ್ ಯೂನಿಟ್‌ನಲ್ಲಿ 80 ಹರ್ಟ್ಸ್, 12 ಡಿಬಿ ಆನ್ ಮಾಡಿದೊಡನೆ ಮೀಟರ್ 5 ವೋಲ್ಟ್‌ಗೆ ಬಂದು ನಿಂತಿತು. 6 ಡಿಬಿ ಇಳಿದರೆ ವೋಲ್ಟೇಜ್ ಅರ್ಧವಾಗುತ್ತದೆ, ಆ ಅರ್ಧ ಬಂದರೆ ಕೆಲಸ ಆಯಿತೆಂದೇ ಅರ್ಥ. ಬಾಗಿಲ ಕಡೆಯ ಹೈ ಪಾಸ್‌ನಲ್ಲೂ (ಬೇಸ್ ತಡೆದು ಮೇಲಿನದನ್ನು ಬಿಡುವ ಫಿಲ್ಟರ್) ಹೀಗೆಯೇ ಮಾಡಿದೆ. ಅಲ್ಲಿ ನಾಬ್ ಉಲ್ಟಾ ತಪ್ಪುತ್ತಿತ್ತು, 100ರ ಗೆರೆಗೆ ಬಂದಾಗ 7.1 ಸಿಕ್ಕಿತು. ಎಡ ಮತ್ತು ಬಲ ಚಾನೆಲ್‌ಗಳ ನಡುವೆ ಮುಕ್ಕಾಲು ವೋಲ್ಟ್ ವ್ಯತ್ಯಾಸವೂ ಇತ್ತು, ಒಂದೇ ನಾಬ್‌ನೊಳಗಿನ ಎರಡು ಪಾಟ್‌ಗಳು (ತಿರುಗಿಸುವ ರೆಸಿಸ್ಟರ್‌ಗಳು) ಸಮನಾಗಿರುವುದು ಅಪರೂಪ. ಅದನ್ನು ಹೇಗೆ ಸರಿಪಡಿಸಿದೆ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ; ಸರಾಸರಿಗೆ ನಿಲ್ಲಿಸಿದರೂ ಕಿವಿಗೆ ದೊಡ್ಡ ನಷ್ಟವಿಲ್ಲ. 500 ರೂಪಾಯಿಯ ಮೀಟರ್ ಈ ಕೆಲಸಕ್ಕೆ ಸಾಕು, ಆದರೆ ಅದೇ ಮೀಟರ್‌ನಿಂದ ಟ್ವೀಟರ್ ಅಳೆಯಬೇಡಿ.

ಬಾಗಿಲ ಸ್ಪೀಕರ್ ತಾನಾಗಿಯೇ 70 ಹರ್ಟ್ಸ್ ಕೆಳಗೆ ಇಳಿಯುವುದರಿಂದ 24 ಡಿಬಿ ಉಳಿಯುವುದಿಲ್ಲ ಎಂದು ಗೆಳೆಯರು ವಾದಿಸಿದರು. ಮಾತು ಸರಿಯೇ. ಆದರೆ ಸಣ್ಣ ಕಾರಿನ ಕ್ಯಾಬಿನ್ ಸುಮಾರು ಅಲ್ಲಿಂದಲೇ ಕೆಳಗೆ ಬೇಸ್ ಅನ್ನು ಎತ್ತಿಕೊಡುತ್ತದೆ, ಹೆಚ್ಚೆಂದರೆ ಆಕ್ಟೇವ್‌ಗೆ 12 ಡಿಬಿಯಂತೆ. ಒಂದು ಇಳಿಸಿದ್ದನ್ನು ಇನ್ನೊಂದು ಬಹುಮಟ್ಟಿಗೆ ತುಂಬುತ್ತದೆ. ಕಿಟಕಿ ಇಳಿಸಿದರೆ ಈ ಹೊಂದಾಣಿಕೆ ಕೆಡುವುದನ್ನು ಕಿವಿಯಲ್ಲೇ ಕೇಳಬಹುದು, ಆದ್ದರಿಂದ ಕಿಟಕಿ ಏರಿಸಿಯೇ ಟ್ಯೂನ್ ಮಾಡಿ.

ಉಳಿದದ್ದು ದೂರ. ನನ್ನ ತಲೆಯಿಂದ ಬಲ ಬಾಗಿಲ ಸ್ಪೀಕರ್ 85 ಸೆಂ.ಮೀ., ಎಡದ್ದು 125, ಸಬ್ ಸುಮಾರು 170. ಹೆಡ್ ಯೂನಿಟ್‌ನ ಟೈಮ್ ಅಲೈನ್‌ಮೆಂಟ್‌ನಲ್ಲಿ (ಎಲ್ಲ ಸ್ಪೀಕರ್‌ಗಳ ಶಬ್ದ ಒಟ್ಟಿಗೆ ಕಿವಿ ತಲುಪುವಂತೆ ದೂರ ಹಾಕಿ ಹೊಂದಿಸುವ ಸೆಟ್ಟಿಂಗ್) ಟೇಪಿನ ಅಳತೆಯನ್ನೇ ಹಾಕಿದರೆ ಸಬ್ ಹಿಂದೆಯೇ ಉಳಿಯಿತು. ಆಗ ಸಬ್‌ನ ವೈರ್ ಉಲ್ಟಾ ಮಾಡಿ, 80 ಹರ್ಟ್ಸ್ ಟೋನ್ ಹಾಕಿ, ಬ್ಯಾಲೆನ್ಸ್ ಬಲಕ್ಕೆ ತಿರುಗಿಸಿ, ಸೀಟಿನಲ್ಲಿ ಕೂತು ಶಬ್ದ ಅತಿ ಕಡಿಮೆಯಾಗುವವರೆಗೆ ಸಬ್‌ನ ದೂರವನ್ನು ಬದಲಿಸುತ್ತ ಹೋದೆ. ಶಬ್ದ ಎಲ್ಲಿ ಹೆಚ್ಚು ಎಂದು ಹುಡುಕುವುದಕ್ಕಿಂತ ಎಲ್ಲಿ ಅಡಗುತ್ತದೆ ಎಂದು ಹುಡುಕುವುದು ಎಷ್ಟೋ ನಿಖರ. ನನಗೆ 205 ಸೆಂ.ಮೀ. ಹತ್ತಿರ ಅದು ಬಹುತೇಕ ಅಡಗಿಯೇ ಹೋಯಿತು. ವೈರ್ ಮತ್ತೆ ನೇರ ಮಾಡಿದ ಮೇಲೆ ಡೊಳ್ಳಿನ ಪೆಟ್ಟು ಡಿಕ್ಕಿಯಿಂದ ಎದ್ದು ಡ್ಯಾಶ್‌ಬೋರ್ಡ್ ಮೇಲೆ ಬಂದು ಕೂತಿತು. ಮೃದಂಗದ ಗುಮಕಿ (ಎಡಗಡೆಯ ಬೇಸ್ ನಾದ) ಬೆನ್ನ ಹಿಂದೆ ಒಂದು ತುಂಡು, ಬಾಗಿಲಲ್ಲಿ ಒಂದು ತುಂಡು ಎಂದು ಒಡೆಯದೆ ಒಂದೇ ವಾದ್ಯದಿಂದ ಬಂತು. ಇಷ್ಟು ಬಿಗಿಯಾದ ಬೇಸ್ ಅನ್ನು ದುಬಾರಿ ಡಿಎಸ್‌ಪಿ ಇರುವ ಕಾರುಗಳಲ್ಲೂ ನಾನು ಹೆಚ್ಚು ಕೇಳಿಲ್ಲ.

ಇದರ ನಡುವೆ ಹೆಡ್ ಯೂನಿಟ್ ಮತ್ತು ಆಂಪ್ ಎರಡರಲ್ಲೂ 63ಕ್ಕೆ ಇಳಿಸಿ ನೋಡಿದೆ: ಬಾಗಿಲುಗಳು ಮತ್ತೆ ನಡುಗಿದವು. 100ಕ್ಕೆ ಏರಿಸಿದಾಗ ಗಂಡಸರ ದನಿ ಹಿಂದಕ್ಕೆ ಸರಿಯಿತು. ಸಬ್ 63ರಲ್ಲಿ, ಬಾಗಿಲು 80ರಲ್ಲಿ ಇಟ್ಟು ನಡುವೆ ಬೇಕೆಂದೇ ಬಿಡುವು ಕೊಟ್ಟಾಗ ನನ್ನ ಕಾರಿನ ಗುಂಯ್‌ಗುಡುವಿಕೆ ಕಡಿಮೆಯಾಯಿತು, ಜೊತೆಗೆ ಡೊಳ್ಳಿನ ತೂಕವೂ ಹೋಯಿತು. ಗೆಳೆಯರದು ಸೆಡಾನ್, ಹಿಂದಿನ ಸೀಟು ಅಡ್ಡ ಇರುವುದರಿಂದ ಅವರಿಗೆ ಆ ಬಿಡುವು ಬೇಕಾಗಲಿಲ್ಲ, ಸಬ್ ಗೇನ್ (ಆಂಪ್‌ನಲ್ಲಿ ಅದರ ಶಬ್ದದ ಮಟ್ಟ) ಮಾತ್ರ ಸ್ವಲ್ಪ ಏರಿಸಿದೆವು.

ಈ ವಿಧಾನಕ್ಕೆ ಒಟ್ಟು ಖರ್ಚು, ಮೀಟರ್ ಮತ್ತು ಹೆಡ್ ಯೂನಿಟ್‌ನಿಂದ ಆಂಪ್‌ಗೆ ಸಿಗ್ನಲ್ ಒಯ್ಯುವ ಇನ್ನೊಂದು ಜೊತೆ ಆರ್‌ಸಿಎ ಕೇಬಲ್ ಸೇರಿ, 1,500 ದಾಟಲಿಲ್ಲ. ಅಳತೆ ಮುಗಿದ ಮೇಲೆ ನಾಬ್‌ಗಳಿಗೆ ನೇಲ್ ಪಾಲಿಶ್‌ನ ಒಂದು ಚುಕ್ಕೆ ಇಟ್ಟು ಗುರುತು ಮಾಡಿ, ಹೆಡ್ ಯೂನಿಟ್‌ನ ಸೆಟ್ಟಿಂಗ್‌ಗಳನ್ನು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಸರ್ವೀಸ್‌ಗೆ ಬಿಟ್ಟಾಗ ಬ್ಯಾಟರಿ ಬಿಚ್ಚಿದರೆ ಕೆಲವು ಯೂನಿಟ್‌ಗಳಲ್ಲಿ ಫಿಲ್ಟರ್ ಸೆಟ್ಟಿಂಗ್ ಅಳಿಸಿಹೋಗುತ್ತದೆ, ಆಗ ಉಳಿಯುವುದು ಆಂಪ್‌ನ ಅರ್ಧ ಫಿಲ್ಟರ್ ಮಾತ್ರ.