ಭರತವೋ, ಇಳಿತವೋ?

ನಾನು ಹುಟ್ಟಿದ್ದು ಹಿರಿಯೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಚಿಕ್ಕಂದಿನಲ್ಲಿ ಕಣ್ತುಂಬ ನೀರು ಅಂತ ನೋಡಿದ್ದು ಮಾರಿಕಣಿವೆ (ವಾಣಿವಿಲಾಸ ಸಾಗರ) ಅಣೆಕಟ್ಟಿನ ಹಿನ್ನೀರು ಒಂದನ್ನೇ. ಅಂಥವನು ದಾವಣಗೆರೆಯಲ್ಲಿ ಭೂಗೋಳ ಪಾಠ ಮಾಡುತ್ತಾ ಕಡಲ ದಂಡೆ ಅಳೆಯುವುದನ್ನು ಕಸುಬು ಮಾಡಿಕೊಂಡೆ. ನೆಂಟರು ಈಗಲೂ ನಗುತ್ತಾರೆ. "ಇಲ್ಲಿ ಕುಡಿಯೋಕೇ ನೀರಿಲ್ಲ, ನೀನು ಸಮುದ್ರ ಅಳೀತೀಯಾ?"

ಪಿಎಚ್.ಡಿ.ಗೆ ಸಿಕ್ಕಿದ್ದು ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವ ಅಳಿವೆ. ಶುರುವಿನಲ್ಲಿ ಟೋಪೋಶೀಟ್ (ಸರ್ವೆ ಇಲಾಖೆಯ ನೆಲದ ನಕ್ಷೆ) ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ದಂಡೆಯ ಗೆರೆ ಎಳೆಯುತ್ತಿದ್ದೆ. 1:50,000 ನಕ್ಷೆಯಲ್ಲಿ ಅರ್ಧ ಮಿಲಿಮೀಟರ್ ಅಂದರೆ ನೆಲದ ಮೇಲೆ 25 ಮೀಟರ್. ಪೆನ್ಸಿಲ್ ಮೊಂಡಾದರೆ ಒಂದು ಮನೆ, ಅದರ ಹಿಂದಿನ ತೆಂಗಿನ ಸಾಲು ಎರಡೂ ಗೆರೆಯೊಳಗೆ ಮುಳುಗಿಹೋಗುತ್ತಿದ್ದವು. ಆಗ ಉಪಗ್ರಹ ಚಿತ್ರಗಳನ್ನು ದುಡ್ಡು ಕೊಟ್ಟು ತರಿಸಬೇಕಿತ್ತು. 2008ರಲ್ಲಿ ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳನ್ನು ಪುಕ್ಕಟೆ ಬಿಟ್ಟ ಮೇಲೆ ನನ್ನಂಥ ಮೇಷ್ಟ್ರಿಗೆ ಜೀವ ಬಂತು.

ಹಾಗೆ ಇಳಿಸಿಕೊಂಡ ಎರಡು ಚಿತ್ರ ಜೋಡಿಸಿ ನೋಡಿದೆ. ಒಂದು ಕಡೆ ದಂಡೆ 40 ಮೀಟರ್ ಒಳಗೆ ಬಂದಿತ್ತು. ಕಡಲ್ಕೊರೆತ! ಪ್ರಿಂಟ್ ತೆಗೆಸಿಕೊಂಡು, ಶಿವಮೊಗ್ಗ, ಸಾಗರ ದಾಟಿ, ಘಟ್ಟ ಇಳಿದು ಹೊನ್ನಾವರಕ್ಕೆ ಹೋದೆ. ದೋಣಿಯ ನೆರಳಲ್ಲಿ ಬಲೆ ಸರಿಮಾಡುತ್ತಿದ್ದ ಅಜ್ಜ ಒಬ್ಬರಿಗೆ ತೋರಿಸಿದೆ. ಅವರು ಹೊತ್ತು ಕಳೆದು ಕೇಳಿದರು: "ಮಾಸ್ತರೇ, ಇದು ತೆಗೆದಾಗ ಭರತವೋ, ಇಳಿತವೋ?"

ಆಗ ಕಡಲು ಏರಿತ್ತೋ, ಇಳಿದಿತ್ತೋ, ನನಗೆ ಗೊತ್ತಿರಲಿಲ್ಲ. ಪಾಠದಲ್ಲಿ ಉಬ್ಬರವಿಳಿತದ ಚಿತ್ರ ವರ್ಷವರ್ಷವೂ ಬೋರ್ಡ್ ಮೇಲೆ ಬರೆದವನು ನಾನೇ!

ವಾಪಸ್ ಬಂದು ಲೆಕ್ಕಕ್ಕೆ ಕೂತೆ. ಉಪಗ್ರಹ ಆ ಜಾಗದ ಮೇಲೆ ಬರುವುದು ಹೆಚ್ಚುಕಮ್ಮಿ ಒಂದೇ ಹೊತ್ತಿಗೆ, ಬೆಳಗ್ಗೆ ಹತ್ತರ ಆಸುಪಾಸು. ಭರತ ಹಾಗಲ್ಲ, ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಟೈಡ್ ಟೇಬಲ್ (ಭರತ-ಇಳಿತದ ವೇಳಾಪಟ್ಟಿ) ನೋಡಿದರೆ ಎರಡನೇ ಚಿತ್ರದ ದಿನ ನೀರು ಮುಕ್ಕಾಲು ಮೀಟರ್ ಮೇಲಿತ್ತು. ಮುಕ್ಕಾಲು ಮೀಟರ್ ಏನು ಮಹಾ ಅನ್ನಬೇಡಿ. ದಂಡೆಯ ಇಳಿಜಾರು 30ಕ್ಕೆ 1 ಇದ್ದರೆ ನೀರಿನ ಗೆರೆ 22 ಮೀಟರ್ ಸರಿಯುತ್ತದೆ. ಸಾಲದ್ದಕ್ಕೆ ಮೊದಲ ಚಿತ್ರ ಫೆಬ್ರವರಿಯದ್ದು, ಎರಡನೆಯದು ಅಕ್ಟೋಬರಿನದ್ದು. ಮಳೆಗಾಲದ ಅಲೆ ಮರಳನ್ನು ಎಳೆದುಕೊಂಡು ಹೋಗುತ್ತದೆ, ಬೇಸಿಗೆಯ ಹೊತ್ತಿಗೆ ಸುಮಾರಷ್ಟು ವಾಪಸ್ ತಂದು ಹಾಕುತ್ತದೆ. ಇವೆರಡನ್ನೂ ಕಳೆದರೆ ಉಳಿದದ್ದು ಲ್ಯಾಂಡ್‌ಸ್ಯಾಟಿನ ಒಂದು ಪಿಕ್ಸೆಲ್ಲಿಗಿಂತ (ಚಿತ್ರದ ಅತಿ ಚಿಕ್ಕ ಚೌಕ), ಅಂದರೆ 30 ಮೀಟರಿಗಿಂತ ಕಮ್ಮಿ. ಬರೆದಿಟ್ಟ ಅಧ್ಯಾಯ ಹರಿದು ಹಾಕಿದೆ.

ಆಮೇಲೆ ಬೇಸಿಗೆಯ ಚಿತ್ರಗಳನ್ನಷ್ಟೇ ಆರಿಸಿದೆ, ಅದೂ ಟೈಡ್ ಟೇಬಲ್ ನೋಡಿದ ಮೇಲೆ. ಎತ್ತರ ಅಳೆಯುವ ದುರ್ಬೀನು ಡಂಪಿ ಲೆವೆಲ್, ಅದರ ಅಳತೆಕೋಲು ಸ್ಟಾಫ್ ಹೊತ್ತು ಮರಳಲ್ಲಿ ನಡೆದು ಇಳಿಜಾರು ಅಳೆದೆ. ಅಳಿವೆ ಬಾಯಿಯ ಮರಳು ದಿಣ್ಣೆಯನ್ನು ಲೆಕ್ಕದಿಂದಲೇ ಹೊರಗಿಟ್ಟೆ. ಅದು ಹೊಳೆಯ ನೆರೆ, ಕಡಲ ಅಲೆ ಎರಡರ ಮಾತೂ ಕೇಳಿ ಓಡಾಡುತ್ತದೆ, ಅದಕ್ಕೆ ವರ್ಷಕ್ಕೆ ಇಷ್ಟು ಮೀಟರ್ ಅನ್ನುವುದು ಸುಳ್ಳು. ಸಾಫ್ಟ್‌ವೇರ್ ಮಾತ್ರ ಕೇಳಿದ್ದಕ್ಕೆಲ್ಲ ದಶಾಂಶ ಎರಡು ಸ್ಥಾನದವರೆಗೆ ಉತ್ತರ ಕೊಡುತ್ತದೆ. ನನಗೆ ಆ ದಶಾಂಶ ಕಂಡರೆ ಆಗುವುದಿಲ್ಲ.

ನನ್ನ ವಿದ್ಯಾರ್ಥಿಗಳಲ್ಲಿ ಅರ್ಧ ಜನ ಸಮುದ್ರ ನೋಡಿದವರಲ್ಲ. ಅವರಿಗೆ ಇದನ್ನೆಲ್ಲ ಕಲಿಸಲು ಮಾರಿಕಣಿವೆಯೇ ಸಿಕ್ಕಿತು. 1933ರ ನಂತರ 2022ರಲ್ಲಿ ಅದು ಕೋಡಿ ಬಿತ್ತಲ್ವಾ, ಆ ಡಿಸೆಂಬರಿನಲ್ಲಿ ಯುರೋಪಿನ ಸೆಂಟಿನೆಲ್-2 ಉಪಗ್ರಹದ, ಪಿಕ್ಸೆಲ್ಲಿಗೆ 10 ಮೀಟರಿನ ಚಿತ್ರ ತೆಗೆದುಕೊಂಡೆವು. ನೀರು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಹೀರುತ್ತದೆ, ಆ ಬೆಳಕನ್ನಷ್ಟೇ ಹಿಡಿದ ಬ್ಯಾಂಡಿನಲ್ಲಿ ಕಪ್ಪಗೆ ಕಾಣುತ್ತದೆ. ಹಸಿರು ಬ್ಯಾಂಡಿನ ಜೊತೆ ಹೋಲಿಸಿದರೆ ನೀರು ಬೇರೆ, ನೆಲ ಬೇರೆ ಆಗುತ್ತದೆ. ಕ್ಯೂಜಿಐಎಸ್ ಅನ್ನುವ ನಕ್ಷೆ ಸಾಫ್ಟ್‌ವೇರಿನಲ್ಲಿ ಹುಡುಗರು ಚೆನ್ನಾಗಿಯೇ ಗೆರೆ ತೆಗೆದರು.

ಜಾಗಕ್ಕೆ ಹೋದಾಗ ಒಬ್ಬಳು ಕೂಗಿದಳು: "ಸರ್, ನಕ್ಷೆಯಲ್ಲಿ ಇದು ನೆಲ!" ಅವಳು ತೋರಿಸಿದ ಕಡೆ ಜಾಲಿ ಗಿಡಗಳ ಬುಡ ನೀರೊಳಗಿತ್ತು. ಮೇಲಿನಿಂದ ಉಪಗ್ರಹಕ್ಕೆ ಕಂಡದ್ದು ಬರೀ ಸೊಪ್ಪು. ಪ್ಯಾಂಟು ಮಡಚಿಕೊಂಡು, ಜಾಲಿಮುಳ್ಳು ನೋಡಿಕೊಂಡು, ಜಿಪಿಎಸ್ ಹಿಡಿದು ಇಳಿದೆವು.